ಗುತ್ತಿನ ತೋಟದಲ್ಲಿ ಒಣಗದ ಬಣ್ಣ

ಸೇಸಮ್ಮನನ್ನು ಚಿತ್ರದಿಂದ ತೆಗೆಯಬೇಕಂತೆ. ಶ್ರವಣ್ ಶೆಟ್ಟಿ ನನ್ನ ಬೆನ್ನ ಹಿಂದೆ ನಿಂತು ಹಾಗೆ ಹೇಳುವಾಗ ನನ್ನ ಕೈಯಲ್ಲಿ ಕೆಂಪು ಬಣ್ಣದ ಬ್ರಷ್ಷಿತ್ತು, ಅವನ ಬಿಳಿ ಅಂಗಿ ಒಂದು ಮೊಳ ದೂರದಲ್ಲಿತ್ತು. ಹೇಗೆ ಸುಮ್ಮನಿದ್ದೆ ಅಂತ ನನಗೇ ಆಶ್ಚರ್ಯ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿರುವಂಥದ್ದು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ರಿಟೈರ್ ಆದ ಅನ್ನಪೂರ್ಣೇಶ್ವರಿ ಟೀಚರನ್ನು ಕಂಡರೆ ಪಾಣೆಮಂಗಳೂರು ಪೇಟೆಯಲ್ಲಿ ತಲೆ ನರೆತ ಗಂಡಸರು ಈಗಲೂ ಸೇದುತ್ತಿರುವ ಬೀಡಿಯನ್ನು ಬೆನ್ನ ಹಿಂದೆ ಅಡಗಿಸ್ತಾರೆ. ಈ ಶ್ರವಣನ ಕಿವಿಯೂ ನನ್ನ ಕೈಯಲ್ಲಿ ಎಷ್ಟೋ ಸಲ ಕೆಂಪಾದದ್ದೇ.

“ಚಿತ್ರ ಭಾರೀ ಲಾಯ್ಕ ಬಂದಿದೆ ಟೀಚರ್,” ಅಂದ ಅವನು. “ಆ ಹೆಂಗಸು ಒಂದು ಬೇಡ. ದಾರಿಯೂ ಬೇಡ. ಅಲ್ಲಿ ಹಸಿರು ಹಾಕಿ ಮುಚ್ಚಿಬಿಡಿ. ಲಾನ್ ಇದ್ದ ಹಾಗೆ.”

“ಅಲ್ಲಿ ಲಾನ್ ಎಲ್ಲಿ ಉಂಟು?”

“ಬರ್ತದೆ ಟೀಚರ್. ಕಂಪೌಂಡ್ ಗೋಡೆ ಆದ ಮೇಲೆ ಬರ್ತದೆ.”

ಗೋಡೆಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಆಗಲೇ. ಸುರುವಿನಿಂದ ಹೇಳ್ತೇನೆ, ಇಲ್ಲದಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅಂತ ನೀವೂ ಹೇಳ್ತೀರಿ. ಹೇಳಿದವರು ತುಂಬ ಜನ ಇದ್ದಾರೆ.

ನಾನು ಬಿಡಿಸುವುದು ಹಳೆಯ ಕಟ್ಟಡಗಳನ್ನು, ಅವುಗಳ ಎದುರಿನ ಹೂತೋಟಗಳನ್ನು. ಎಲ್ಲ ಎಣ್ಣೆಬಣ್ಣದಲ್ಲಿ. ಪಾಣೆಮಂಗಳೂರಿನ ಮರದ ಅಟ್ಟದ ಅಂಗಡಿಗಳು, ಮೂಡುಬಿದಿರೆಯ ಜೈನರ ಮನೆಗಳ ಕಂಬಗಳು, ಬೆಳ್ತಂಗಡಿ ಕಡೆಯ ಒಂದು ಹಂಚಿನ ಶಾಲೆ, ಇದೆಲ್ಲ ನನ್ನ ಮನೆಯ ಗೋಡೆಯಲ್ಲಿ ಉಂಟು. ಫೋಟೋ ನೋಡಿ ಬಿಡಿಸುವವರ ಮೇಲೆ ನನಗೆ ಹಗೆ ಇಲ್ಲ, ಗೌರವವೂ ಇಲ್ಲ. ನಾನು ಕಟ್ಟಡದ ಎದುರೇ ಸ್ಟೂಲ್ ಹಾಕಿ ಕೂತುಕೊಳ್ತೇನೆ. ಎಣ್ಣೆಬಣ್ಣಕ್ಕೆ ಅವಸರ ಆಗುವುದಿಲ್ಲ. ಒಂದು ಪದರ ಒಣಗಬೇಕು, ಅದರ ಮೇಲೆ ಇನ್ನೊಂದು. ನಮ್ಮ ಈ ಬೆವರು ಹವೆಯಲ್ಲಿ ಹಪ್ಪಳವೇ ಸರಿ ಒಣಗುವುದಿಲ್ಲ, ಇನ್ನು ಬಣ್ಣ ಒಣಗುವುದು ಹೇಗೆ. ಹಾಗಾಗಿ ಒಂದೊಂದು ಚಿತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಶ್ರವಣನಿಗೆ ಹೋಟೆಲುಗಳು ಉಂಟು. ದುಬಾಯಿಯಲ್ಲಿ, ಮಂಗಳೂರಿನಲ್ಲಿ. ನರಿಕೊಂಬಿನಲ್ಲಿರುವ ತಾಯಿಯ ಕಡೆಯ ಗುತ್ತಿನ ಮನೆಯನ್ನು, ಅಂದರೆ ಹಿಂದಿನ ಧಣಿಗಳ ದೊಡ್ಡ ಮನೆಯನ್ನು, ಪೇಟೆಯವರು ಬಂದು ಉಳಿಯುವ ಜಾಗ ಮಾಡ್ತೇನೆ ಅಂತ ಹೊರಟ. ಒಳ್ಳೆಯದೇ ಆಯಿತು ಅಂದುಕೊಂಡೆ ನಾನು. ಹಳೆಯ ಮನೆ ಕೆಡವಿ ಗಾಜಿನ ಪೆಟ್ಟಿಗೆ ಕಟ್ಟುವವರ ನಡುವೆ ಇವನೊಬ್ಬ ಹಂಚು ತೆಗೆಯದೆ ರಿಪೇರಿ ಮಾಡಿಸಿದ. ಒಳಗೆ ಬರುವಾಗಲೇ ಕಾಣುವ ಹಾಗೆ ಮನೆಯದ್ದೂ ತೋಟದ್ದೂ ಒಂದು ದೊಡ್ಡ ಎಣ್ಣೆಚಿತ್ರ ಬೇಕು, ಅದು ನನ್ನದೇ ಆಗಬೇಕು ಅಂತ ಮನೆಗೆ ಬಂದು ಕಾಲು ಮುಟ್ಟಿ ಕೇಳಿದ. ಖುಷಿ ಆಯಿತು. ಶಿಷ್ಯ ಅಲ್ವಾ.

ಆದರೆ ನಾನೊಂದು ಷರತ್ತು ಹಾಕಿದೆ. ಹಿಂದೊಮ್ಮೆ ಬೆಳ್ತಂಗಡಿಯ ಕಡೆ ಒಂದು ಮನೆಯಲ್ಲಿ ಚಿತ್ರ ಅರ್ಧ ಆಗುವಾಗ ಮದುವೆ ಅಂತ ಎದುರಿಗೇ ತಗಡಿನ ಚಪ್ಪರ ಹಾಕಿದ್ದರು. ನಾನು ಮನೆಯನ್ನು ಬಿಟ್ಟು ತಗಡನ್ನು ನೋಡುತ್ತಾ ಕೂತಿದ್ದೆ. ಆ ಬೇಗುದಿ ಸಾಕಾಗಿತ್ತು. ಅದಕ್ಕೆ ಶ್ರವಣನಿಗೆ ಹೇಳಿದೆ, “ಮುಂಗಡ ಎಲ್ಲ ಬೇಡ. ಚಿತ್ರ ಮುಗಿಯುವ ತನಕ ನನ್ನನ್ನು ಕೂತಲ್ಲಿಂದ ಎಬ್ಬಿಸಬಾರದು. ನನ್ನ ಕಣ್ಣಿಗೂ ಮನೆಗೂ ನಡುವೆ ಎಂತದ್ದೂ ಬರಬಾರದು.”

“ಅದೆಂತ ದೊಡ್ಡ ವಿಷಯ ಟೀಚರ್,” ಅಂದ.

ಆ ಗುತ್ತಿನಲ್ಲಿ ಒಂದು ಕ್ರಮ ಉಂಟು. ಬಡಗಿಯಾಗಲಿ, ಅಡಿಗೆಯವನಾಗಲಿ, ಕೆಲಸ ಒಪ್ಪಿಸುವುದು ಚಾವಡಿಯಲ್ಲಿ. ಅಲ್ಲಿ ಮನೆಯ ದೈವ ಕೂರುವ ಉಯ್ಯಾಲೆ ಉಂಟು. ಅದರ ಎದುರು ನಿಂತು ವೀಳ್ಯ ಕೊಟ್ಟು, ಆಡಬೇಕಾದ ಮಾತನ್ನು ಬಾಯಿಬಿಟ್ಟು ಆಡಬೇಕು. ಶ್ರವಣನ ತಾಯಿ ನೀಲಾವತಿಯಕ್ಕ ಅದನ್ನು ಬಿಡುವವರಲ್ಲ. ಮನೆ ಅವರ ಹೆಸರಿನದ್ದು, ಯಜಮಾನಿಕೆಯೂ ಅವರದ್ದೇ. ಅವರು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದ ಹಾಗೆ ಶ್ರವಣ್ ವೀಳ್ಯ ನನ್ನ ಕೈಗಿಟ್ಟು, “ಚಿತ್ರ ಮುಗಿಯುವ ತನಕ ನಿಮ್ಮನ್ನು ಕೂತಲ್ಲಿಂದ ಎಬ್ಬಿಸುವುದಿಲ್ಲ, ನಿಮ್ಮ ಕಣ್ಣಿಗೆ ಅಡ್ಡ ಎಂತದ್ದೂ ತರುವುದಿಲ್ಲ,” ಅಂದ. ಹೇಳುವಾಗ ಜೇಬಿನಲ್ಲಿ ಮೊಬೈಲ್ ಗುರುಗುಟ್ಟುತ್ತಾ ಇತ್ತು. ಬೇಗ ಮುಗಿಸಿ ಅದನ್ನು ಎತ್ತಿಕೊಂಡು ಹೊರಗೆ ಹೋದ.

ನಾನು ಜಾಗ ಆರಿಸಿದ್ದು ತೋಟದ ಕೆಳಗಿನ ತುದಿಯಲ್ಲಿ. ಗುತ್ತಿನ ಮನೆ ದಿಣ್ಣೆಯ ಮೇಲುಂಟು. ಅಂಗಳದಿಂದ ಕೆಳಗೆ ನೇತ್ರಾವತಿಯ ಕಡೆಗೆ ಇಳಿಜಾರಿನ ಹೂತೋಟ, ದಾಸವಾಳ, ಕೇಪಳ, ನಂದಿಬಟ್ಟಲು, ಒಂದು ಮೂಲೆಯಲ್ಲಿ ಅಬ್ಬಲಿಗೆ. ದಾಸವಾಳದ ಎರಡು ಬೇಲಿಗಳ ನಡುವೆ ಕೆಂಪು ಮಣ್ಣಿನ ಒಂದು ಕಾಲುದಾರಿ ಏರುತ್ತಾ ಹೋಗಿ ಅಂಗಳದ ಬದಿಯಿಂದ ಟಾರು ರಸ್ತೆ ಸೇರುತ್ತದೆ. ಆ ದಾರಿ ಇಲ್ಲದಿದ್ದರೆ ಈ ಚಿತ್ರ ಇಲ್ಲ. ಕಣ್ಣನ್ನು ಕೈಹಿಡಿದು ಮನೆಯ ತನಕ ಕರೆದುಕೊಂಡು ಹೋಗುವುದು ಅದೇ. ಜೀವಮಾನದಲ್ಲಿ ನಾನು ಬಿಡಿಸಿದ ಒಳ್ಳೆಯ ಚಿತ್ರ ಅದು. ಜಂಭ ಅಂತ ಬೇಕಾದರೆ ಹೇಳಿ. ಮನೆಯ ಹಿಂದಿನ ಆಕಾಶಕ್ಕೇ ಒಂದು ವಾರ ಕೂತಿದ್ದೆ, ಬೆಳಗಿನ ಆ ತಿಳಿ ಹಳದಿ ಬರುವ ತನಕ.

ದಾರಿಯಲ್ಲಿ ನಡೆಯುವವರು ಹೊಳೆಬದಿಯ ಮನೆಗಳವರು. ಗಂಡಸರು ಬೆಳಿಗ್ಗೆ ಬೇಗ ಹೋಗ್ತಾರೆ. ಆಮೇಲೆ ಹೆಂಗಸರು, ಕಟ್ಟಿದ ಬೀಡಿ ತಲೆಯ ಮೇಲಿಟ್ಟುಕೊಂಡು ಮೇಲಿನ ಬೀಡಿ ಬ್ರಾಂಚಿಗೆ ಒಪ್ಪಿಸಲಿಕ್ಕೆ. ಸೇಸಮ್ಮ ದಿನಾ ಬರ್ತಾಳೆ, ಅವಳ ಹಿಂದೆ ಉಸಿರು ಬಿಡುತ್ತಾ ಅವ್ವಮ್ಮ. ಒಬ್ಬಳಿಗೆ ಮೊಣಕಾಲು ಗಂಟಿನ ನೋವು, ಇನ್ನೊಬ್ಬಳಿಗೆ ದಮ್ಮು. ಇಬ್ಬರೂ ನನ್ನ ಪಕ್ಕ ನಿಂತು ಸುಧಾರಿಸಿಕೊಳ್ಳುತ್ತಾ ಚಿತ್ರಕ್ಕೆ ಕೊಂಕು ಹೇಳುವುದು. ಅವ್ವಮ್ಮನಿಗೆ ದಾಸವಾಳ ಸಾಕಾಗಲಿಲ್ಲ. “ಇನ್ನೂ ಸ್ವಲ್ಪ ಹೂ ಹಾಕಿ ಟೀಚರೇ, ನಿಮಗೆಂತ ಬಣ್ಣಕ್ಕೆ ಬರಗಾಲವಾ?” ಅಂತ ಕೇಳ್ತಿದ್ದಳು. ಸೇಸಮ್ಮ ಮಾತ್ರ ದಾರಿಯನ್ನು ನೋಡ್ತಿದ್ದಳು. ಒಂದು ದಿನ ಹೇಳಿದಳು, ಹೋದ ಆಟಿ ತಿಂಗಳ ಮಳೆಯಲ್ಲಿ ಹೊಳೆ ಉಕ್ಕಿ ಕೆಳಗಿನ ರಸ್ತೆ ಮುಳುಗಿತ್ತಂತೆ. ಅವಳ ಮಗಳಿಗೆ ಆಗಲೇ ಹೆರಿಗೆ ನೋವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಈ ದಾರಿಯಲ್ಲೇ ಮೇಲೆ ತಂದದ್ದಂತೆ. ಮಳೆ ಜೋರಾದರೆ ಹೊಳೆಬದಿಯವರಿಗೆ ಹೊರಗೆ ಬರಲಿಕ್ಕೆ ಇದೊಂದೇ ದಾರಿ. ಅಷ್ಟು ಕೇಳಿದ ಮೇಲೆ ದಾರಿಯ ನಡುವೆ, ಬೀಡಿ ಹೊತ್ತ ಸೇಸಮ್ಮನನ್ನು ನಾನು ಬಿಡಿಸಿದೆ. ಬೆನ್ನು ಮಾತ್ರ ಕಾಣುವುದು. ಆದರೂ ಊರಿನವರು ಯಾರು ನೋಡಿದರೂ ಅವಳೇ ಅಂತ ಹೇಳ್ತಾರೆ.

ಈಗ ಅವಳನ್ನು ತೆಗೆಯಬೇಕು.

“ದಾರಿ ಮುಚ್ಚಿದರೆ ಅವರು ಎಲ್ಲಿಂದ ಬರುವುದು?” ಕೇಳಿದೆ.

“ಕೆಳಗಿನ ರಸ್ತೆ ಉಂಟಲ್ಲ ಟೀಚರ್. ನಕ್ಷೆಯಲ್ಲಿ ಇಲ್ಲಿ ದಾರಿಯೇ ಇಲ್ಲ. ಪಂಚಾಯತಿನವರೂ ಅದನ್ನೇ ಹೇಳಿದರು. ನಾಳೆ ಬೆಂಗಳೂರಿನಿಂದ ಬಂದವರು ಕಾಫಿ ಕುಡಿಯುತ್ತಾ ಕೂತಿರುವಾಗ ಎದುರಿನಿಂದ ಬೀಡಿ ಹೆಂಗಸರು ಸಾಲಾಗಿ ಹೋದರೆ ಹೇಗೆ ಕಾಣ್ತದೆ ಹೇಳಿ.”

“ಮಳೆಗಾಲದಲ್ಲಿ?”

“ಮಳೆಗಾಲದಲ್ಲಿ ಅಧಿಕಾರಿಗಳು ದೋಣಿ ಕಳಿಸ್ತಾರೆ,” ಅಂದ. ಅಂದವನು ನನ್ನ ಮುಖ ನೋಡಲಿಲ್ಲ. ಅಷ್ಟು ನಾಚಿಕೆ ಉಳಿದಿತ್ತು ಅವನಲ್ಲಿ, ಅದನ್ನು ಒಪ್ಪಿಕೊಳ್ತೇನೆ.

ನನ್ನ ಮೈ ಉರಿಯಿತು. “ಇಲ್ಲದ್ದನ್ನು ನಾನು ಬಿಡಿಸುವುದಿಲ್ಲ, ಇರುವುದನ್ನು ಮುಚ್ಚುವುದೂ ಇಲ್ಲ. ನಿನಗೆ ಲಾನ್ ಬೇಕಾದರೆ ಮಂಗಳೂರಿಗೆ ಹೋಗಿ ಕ್ಯಾಲೆಂಡರ್ ತಾ,” ಅಂದೆ.

“ಸರಿ ಟೀಚರ್, ನೀವು ಇದ್ದ ಹಾಗೆಯೇ ಮುಗಿಸಿ. ನಾನು ಗೋಡೆ ಕಟ್ಟಿಸ್ತೇನೆ,” ಅಂತ ನಗಾಡಿ ಹೋದ.

ಹೊಸ ವರ್ಷ ಕಳೆದು ಉಮ್ಮರ್ ಮೇಸ್ತ್ರಿ ಕಲ್ಲು ಇಳಿಸಿದ. ಗೋಡೆಯ ಗೆರೆ ಹಾಕಿದ್ದು ನನ್ನ ಸ್ಟೂಲಿನ ಎದುರಿಗೇ, ತೋಟದ ಕೆಳಗಿನ ಅಂಚಿನಲ್ಲಿ, ದಾರಿಗೆ ಸರೀ ಅಡ್ಡ. ಹಗ್ಗ ಎಳೆದು ಕಟ್ಟಿದಾಗ ಅದು ನನ್ನ ಕಣ್ಣಿನ ಮುಂದೆಯೇ ಬಂತು. ಸೇಸಮ್ಮ ಬೀಡಿ ಹೊತ್ತುಕೊಂಡು ಬಂದವಳು ಹಗ್ಗದ ಈಚೆ ನಿಂತುಬಿಟ್ಟಳು. ದಾಟಬಹುದಾ ಅಂತ ಕೇಳುವುದಕ್ಕೂ ಅವಳಿಗೆ ಬಾಯಿ ಬರಲಿಲ್ಲ. ಅವಳ ಮನೆಯವರು ತಲೆತಲಾಂತರದಿಂದ ಈ ಗುತ್ತಿನ ಗೇಣಿದಾರರು. ಗೇಣಿಯ ಕಾಲ ಹೋಗಿ ಎಷ್ಟೋ ವರ್ಷ ಆದರೂ ಧಣಿಗಳ ಎದುರು ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ತದೆ.

ನಾನು ಬ್ರಷ್ ಕೆಳಗಿಟ್ಟೆ. “ಉಮ್ಮರ್, ಹಗ್ಗ ಬಿಚ್ಚು. ನನಗೆ ಅಡ್ಡ ಆಗ್ತದೆ.”

“ಧಣಿ ಹೇಳಿದ್ದು ಟೀಚರೇ.”

“ನಿನ್ನ ಧಣಿಯನ್ನು ಕರಿ. ತಾಯಿಯನ್ನೂ ಕರಿ.”

ಶ್ರವಣ್ ಬಂದ. ನೀಲಾವತಿಯಕ್ಕ ಅಂಗಳದ ಅಂಚಿನ ತನಕ ಬಂದು ಅಲ್ಲೇ ನಿಂತರು. ನಾನು ದೊಡ್ಡ ಸ್ವರದಲ್ಲಿ, ಕ್ಲಾಸಿನ ಹಿಂದಿನ ಬೆಂಚಿಗೆ ಕೇಳುವ ಸ್ವರದಲ್ಲಿ ಹೇಳಿದೆ, “ಶ್ರವಣ್, ಚಾವಡಿಯಲ್ಲಿ ನನ್ನ ಕೈಗೆ ವೀಳ್ಯ ಇಟ್ಟು ಎಂತ ಹೇಳಿದೆ? ನನ್ನ ಕಣ್ಣಿಗೆ ಅಡ್ಡ ಎಂತದ್ದೂ ತರುವುದಿಲ್ಲ ಅಂದದ್ದು ನೀನೇ ಅಲ್ವಾ? ಚಿತ್ರ ಮುಗಿಯಲಿಲ್ಲ.”

ಅವನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಹಲ್ಲು ಕಿರಿದ. “ಅದು ಸುಮ್ಮನೆ ಒಂದು ಕ್ರಮಕ್ಕೆ ಹೇಳಿದ್ದಲ್ವಾ ಟೀಚರ್.”

ಆ ಮಾತು ಅವನು ಆಡಬಾರದಿತ್ತು. ನೀಲಾವತಿಯಕ್ಕನ ಮುಖ ಗಂಟಾಯಿತು. ಅವರು ನನ್ನ ಪಕ್ಷದವರೇನೂ ಅಲ್ಲ. ಬೀಡಿಯವರು ಅಂಗಳದ ಬದಿಯಲ್ಲಿ ಓಡಾಡುವುದು ಅವರಿಗೂ ಮೊದಲಿನಿಂದ ಆಗುವುದಿಲ್ಲ, ಗೋಡೆ ಅವರಿಗೂ ಬೇಕಿತ್ತು. ಆದರೆ ಮಗನಿಗೆ ತುಳುವಿನಲ್ಲಿ ಹೇಳಿದ್ದು ಹೀಗೆ: “ಕ್ರಮಕ್ಕೆ ಹೇಳಿದ್ದಾ? ಉಯ್ಯಾಲೆಯ ಎದುರು ಆಡಿದ ಮಾತು ತಪ್ಪಿದರೆ ದೈವದ ನೇಮದ ದಿನ ಯಾವ ಮುಖ ಇಟ್ಟುಕೊಂಡು ನಾನು ಕೈ ಮುಗಿಯುವುದು? ಹೇಳುವ ಮೊದಲು ನೀನು ಆಲೋಚನೆ ಮಾಡಬೇಕಿತ್ತು.”

ಆಮೇಲೆ ನನ್ನ ಕಡೆ ತಿರುಗಿದರು. “ಟೀಚರೇ, ನೀವು ದೈವದ ಹೆಸರಲ್ಲಿ ಆಟ ಆಡ್ತಾ ಇದ್ದೀರಿ.”

“ಹೌದು ನೀಲಾವತಿಯಕ್ಕ, ಆಡ್ತಾ ಇದ್ದೇನೆ. ನೀವು ದಾರಿ ಬಿಟ್ಟುಕೊಡಿ, ಇವತ್ತೇ ಮುಗಿಸಿ ಏಳ್ತೇನೆ.”

ಅವರು ಸೆರಗು ಎಳೆದುಕೊಂಡು ಒಳಗೆ ಹೋದರು. ಉಮ್ಮರ್ ಮೀಸೆಯಡಿಯಲ್ಲಿ ನಗು ನುಂಗಿಕೊಂಡು ಹಗ್ಗ ಬಿಚ್ಚಿದ.

ಆದರೂ ಗೋಡೆಯ ಕೆಲಸ ನಿಲ್ಲಲಿಲ್ಲ. ಶ್ರವಣ್ ಎರಡೂ ಕಡೆಯಿಂದ ಕಟ್ಟಿಸಿಕೊಂಡು ಬಂದ. ನನ್ನ ಕಣ್ಣಿಗೆ ಮನೆ ಮತ್ತು ತೋಟ ಎಷ್ಟು ಅಗಲಕ್ಕೆ ಕಾಣಬೇಕೋ ಅಷ್ಟೇ ಜಾಗ ನಡುವೆ ಉಳಿಯಿತು. ದಾರಿ ಆ ಕಂಡಿಯೊಳಗಿತ್ತು. ಹೆಂಗಸರು ಅದರಲ್ಲೇ ಹೋದರು, ಬಂದರು. “ಮುಗಿದ ಕೂಡಲೇ ಮುಚ್ಚುವುದು,” ಅಂತ ಅವನು ಉಮ್ಮರನಿಗೆ ನನಗೆ ಕೇಳುವ ಹಾಗೆ ಹೇಳಿದ. ಕಲ್ಲುಗಳನ್ನು ಕಂಡಿಯ ಪಕ್ಕದಲ್ಲೇ ಒಟ್ಟಿಟ್ಟ.

ನಾನೂ ಬಿಡುವವಳಲ್ಲ. ಎಣ್ಣೆಬಣ್ಣ ಬೇಗ ಒಣಗದ ಹಾಗೆ ಮಾಡಲಿಕ್ಕೆ ಒಂದು ಉಪಾಯ ಉಂಟು, ಲವಂಗದ ಎಣ್ಣೆ ಎರಡು ಹನಿ ಬೆರೆಸುವುದು. ಮೆಡಿಕಲ್ಲಿನಲ್ಲಿ ಹಲ್ಲುನೋವಿಗೆ ಕೊಡ್ತಾರಲ್ಲ, ಅದೇ. ನಾನು ಹನಿ ಲೆಕ್ಕ ಬಿಟ್ಟು ಸುರಿದೆ. ದಾಸವಾಳದ ಎಲೆ ದಪ್ಪ ದಪ್ಪ ಹಾಕಿದೆ, ಹಾಕಿದ್ದನ್ನು ಕೆರೆದೆ, ಮತ್ತೆ ಹಾಕಿದೆ. ಶ್ರವಣ್ ದಿನಾ ಬಂದು ಬೆರಳು ತಾಗಿಸಿ ನೋಡುವುದು, ಬೆರಳಿಗೆ ಹಸಿರು ಹತ್ತುವುದು.

“ಒಣಗಲಿಲ್ಲವಾ ಟೀಚರ್?”

“ಒಣಗಲಿಲ್ಲ ಮಾರಾಯ.”

“ಎಂತ ವಾಸನೆ ಇದು? ನಿಮಗೆ ಹಲ್ಲುನೋವಾ?”

“ಹೌದು. ನಿನ್ನನ್ನು ಕಂಡರೆ ಜಾಸ್ತಿ ಆಗ್ತದೆ.”

ಬಿಸಿಲುಗಾಲದಲ್ಲಿ ಅವನ ಜಾಗ ಓಪನ್ ಆಯಿತು. ಪೇಟೆಯವರು ಬಂದರು. ಮೇಲೆ ಕೂತು ಕಾಫಿ ಕುಡಿಯುವವರಿಗೆ ಕೆಳಗೆ ಕಂಡಿಯಲ್ಲಿ ನಾನು ಕಾಣುವುದು, ಬೀಡಿಯ ಹೆಂಗಸರು ಕಾಣುವುದು. ಅವರಿಗೆ ಅದೇ ಖುಷಿ. ಮೊಬೈಲ್ ಹಿಡಿದು ಇಳಿದು ಬರುತ್ತಿದ್ದರು. ಶ್ರವಣನೂ ಬುದ್ಧಿವಂತ, ನಾನು ಅವನ ಹೋಟೆಲಿನ ಕಲಾವಿದೆ ಅಂತಲೇ ಅವರಿಗೆ ಪರಿಚಯ ಮಾಡಿಸಿದ. ಒಬ್ಬಳು ಹುಡುಗಿ ಬಂದು, “ಆಂಟಿ, ಎಷ್ಟು ಸಮಯ ಆಯ್ತು ಇದನ್ನು ಮಾಡ್ತಾ?” ಅಂತ ಕೇಳಿದಳು. “ಗೋಡೆ ಕಟ್ಟುವುದಿಲ್ಲ ಅಂತ ನಿಮ್ಮ ಹೋಟೆಲಿನವರು ಹೇಳುವ ತನಕ ಮಾಡ್ತೇನೆ,” ಅಂದೆ. ಅವಳು ನಕ್ಕಳು. ಸೇಸಮ್ಮ ಪಕ್ಕದಲ್ಲಿದ್ದಳು, ನಗಲಿಲ್ಲ.

ಆ ದಿನ ಹುಡುಗಿ ಹೋದ ಮೇಲೆ ಸೇಸಮ್ಮ ಬೀಡಿಯ ಕಟ್ಟು ಇಳಿಸಿ ನನ್ನ ಹತ್ತಿರ ಕೂತಳು. “ಟೀಚರೇ, ಒಂದು ಕೇಳಲಾ? ಬೇಜಾರ ಮಾಡಬಾರದು.”

“ಕೇಳು.”

“ನಿಮಗೆ ಎಂತಾದರೂ ಆದರೆ?”

“ನನಗೆಂತ ಆಗುವುದು, ಗುಂಡುಕಲ್ಲಿನ ಹಾಗಿದ್ದೇನೆ,” ಅಂತ ಗದರಿಸಿದೆ. ನಿಜ ಹೇಳುವುದಾದರೆ ಆ ಪ್ರಶ್ನೆಗೆ ನನಗೆ ಹೆದರಿಕೆ ಆಯಿತು. ಇಷ್ಟು ದಿನ ಹಟದಲ್ಲಿದ್ದೆ, ಹಟದವರಿಗೆ ವಯಸ್ಸು ನೆನಪಾಗುವುದಿಲ್ಲ.

ಆದದ್ದೂ ಹಾಗೆಯೇ. ಮಳೆ ಹಿಡಿಯಿತು. ನಾನು ದೊಡ್ಡ ಕೊಡೆ ನೆಟ್ಟು, ಚಿತ್ರಕ್ಕೆ ಟರ್ಪಾಲಿನ ಮಾಡು ಕಟ್ಟಿ ಕೂತುಕೊಳ್ಳುತ್ತಿದ್ದೆ. ಒಂದು ಸಂಜೆ ಸಾಮಾನು ಕಟ್ಟಿ ಏಳುವಾಗ ಪಾಚಿಗೆ ಕಾಲು ಜಾರಿ ಬಲಗೈ ಮೇಲೆ ಬಿದ್ದೆ. ಮಣಿಕಟ್ಟು ಮುರಿಯಿತು. ಬಂಟ್ವಾಳದಲ್ಲಿ ಪ್ಲಾಸ್ಟರ್ ಹಾಕಿ, ಬೆರಳು ಅಲ್ಲಾಡಿಸಬಾರದು ಅಂದರು. ಆ ನೋವಿನಲ್ಲೂ ನನ್ನ ತಲೆಯಲ್ಲಿದ್ದದ್ದು ಕಂಡಿಯ ಪಕ್ಕ ಒಟ್ಟಿಟ್ಟ ಕಲ್ಲುಗಳು.

ಶ್ರವಣ್ ಮರುದಿನವೇ ಸೇಬು ಮೂಸಂಬಿ ಹಿಡಿದುಕೊಂಡು ಮನೆಗೆ ಬಂದ. ಕೂತು ಒಳ್ಳೆಯ ಮಾತು ಆಡಿದ, ಔಷಧಿ ವಿಚಾರಿಸಿದ. ಅವನ ಕನಿಕರ ಸುಳ್ಳೇನೂ ಆಗಿರಲಿಲ್ಲ. ಕೊನೆಗೆ ಮೆಲ್ಲ ಹೇಳಿದ, “ಇನ್ನು ಸಾಕು ಟೀಚರ್. ಚಿತ್ರ ಮುಗಿದದ್ದು ಅಂತಲೇ ಲೆಕ್ಕ. ಅಮ್ಮನಿಗೂ ಹೇಳಿದ್ದೇನೆ. ಬಿಡಿಸುವ ಕೈಯೇ ಇಲ್ಲದಿದ್ದರೆ ಇನ್ನು ಮುಗಿಯುವುದೆಂತ ಉಂಟು? ನಾಳೆ ಬೆಳಿಗ್ಗೆ ಉಮ್ಮರ್ ಬರ್ತಾನೆ. ನೀವು ವಿಶ್ರಾಂತಿ ತಗೊಳ್ಳಿ.”

“ಹೊಳೆ ಎಷ್ಟು ಏರಿದೆ?” ಕೇಳಿದೆ.

ಅವನು ಮೂಸಂಬಿಯ ಚೀಲ ಸರಿ ಮಾಡಿದ. “ಏರ್ತಾ ಉಂಟು,” ಅಂದ.

ಬೆಳಿಗ್ಗೆ ಆಟೋ ಹಿಡಿದು ನರಿಕೊಂಬಿಗೆ ಹೋದೆ. ಅಂಗಳದ ಬದಿಯಿಂದ ಇಳಿಯುವಾಗಲೇ ಕಂಡಿತು. ಉಮ್ಮರ್ ಸಿಮೆಂಟು ಕಲಸುತ್ತಿದ್ದ. ಕಂಡಿಯಲ್ಲಿ ಮೊದಲ ಸಾಲಿಗೆ ಕಲ್ಲು ಜೋಡಿಸಿ ಆಗಿತ್ತು. ಕೆಳಗಿನ ರಸ್ತೆಗೆ ನೀರು ಬಂದಿತ್ತು. ಹೊಳೆಬದಿಯ ಐದಾರು ಜನ ಕಲ್ಲಿನ ಆಚೆ ನಿಂತಿದ್ದರು, ಸೇಸಮ್ಮ, ಅವ್ವಮ್ಮ ಎಲ್ಲ. ಶ್ರವಣ್ ಕೊಡೆ ಹಿಡಿದು ಇವರ ಕಡೆ ಬೆನ್ನು ಹಾಕಿ ನಿಂತಿದ್ದ. ನೀಲಾವತಿಯಕ್ಕ ಅಂಗಳದ ಅಂಚಿನಲ್ಲಿ.

ಸೇಸಮ್ಮ ನನ್ನನ್ನು ಕಂಡು ಕಲ್ಲಿನ ಮೇಲಿಂದ ಕಾಲೆತ್ತಿ ಹಾಕಿ ಬಂದು ನನ್ನ ಕೈಯ ಚೀಲ ತೆಗೆದುಕೊಂಡಳು. ಇಬ್ಬರೂ ಕಲ್ಲು ದಾಟಿ ಆಚೆ ನನ್ನ ಜಾಗಕ್ಕೆ ಹೋಗಿ ಸ್ಟ್ಯಾಂಡ್ ನಿಲ್ಲಿಸಿದೆವು, ಟರ್ಪಾಲಿನಡಿಯಲ್ಲೇ ಇದ್ದ ಚಿತ್ರವನ್ನು ಅದರ ಮೇಲೆ ಇಟ್ಟೆವು. ನಾನು ಸ್ಟೂಲಿನಲ್ಲಿ ಕೂತು ಎಡಗೈಯಲ್ಲಿ ಬ್ರಷ್ ಹಿಡಿದೆ. ಹಸಿರಿಗೆ ಅದ್ದಿ ಎತ್ತುವಾಗ ಬ್ರಷ್ ಜಾರಿ ಕೆಸರಿಗೆ ಬಿತ್ತು. ಬಗ್ಗಿದರೆ ಮುರಿದ ಕೈಯಲ್ಲಿ ಜೀವ ಹೋಗುವ ಹಾಗೆ ನೋವು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಜನರ ಎದುರು ಕಣ್ಣೀರು ಬಂದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

“ಟೀಚರ್, ದಯಮಾಡಿ ಹಟ ಬಿಡಿ,” ಅಂದ ಶ್ರವಣ್. “ಆಗುವುದಿಲ್ಲ ಅಂತ ನಿಮಗೇ ಕಾಣ್ತದಲ್ಲ. ಉಮ್ಮರ್, ಕಲ್ಲಿಡು.”

ಉಮ್ಮರ್ ಕಲ್ಲು ಎತ್ತಿದ. ಆಗ ಸೇಸಮ್ಮ ಬಗ್ಗಿ ಬ್ರಷ್ ತೆಗೆದಳು. ಸೀರೆಯ ಸೆರಗಿನಲ್ಲಿ ಕೆಸರು ಒರೆಸಿದಳು. ಹಸಿರಿಗೆ ಅದ್ದಿದಳು, ಬೀಡಿಗೆ ಹೊಗೆಸೊಪ್ಪು ತುಂಬುವ ಹಾಗೆ ಎರಡು ಬೆರಳಲ್ಲಿ ಹಿಡಿದು. ಎಲ್ಲಿ ಹಾಕಬೇಕು ಅಂತ ನನ್ನನ್ನು ಕೇಳಲಿಲ್ಲ. ಮೇಲೆ, ನಾನು ಒಂದು ವಾರ ಕೂತು ತಂದ ಆ ಹಳದಿ ಆಕಾಶದ ನಡುವೆ ಒಂದು ದೊಡ್ಡ ಮುದ್ದೆ ಇಟ್ಟಳು. ಬಣ್ಣ ಕೆಳಗೆ ಜಾರಿತು.

“ಇನ್ನೂ ಆಗಲಿಲ್ಲ ಧಣಿ,” ಅಂದಳು.

ಸ್ವರ ದೊಡ್ಡದೇನೂ ಇರಲಿಲ್ಲ. ಆದರೆ ಅವಳು ಶ್ರವಣನ ಮುಖ ನೋಡಿ ಹೇಳಿದಳು. ಅವನು ಕೊಡೆ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದ. “ನೀನು ಬಿಡಿಸಿದರೆ ಆಗುವುದಿಲ್ಲ ಸೇಸಮ್ಮ. ಮಾತು ಕೊಟ್ಟದ್ದು ಟೀಚರಿಗೆ.”

“ಟೀಚರು ಇಲ್ಲೇ ಕೂತಿದ್ದಾರಲ್ಲ. ಚಿತ್ರ ಮುಗಿಯುವ ತನಕ ಅಂತ ಹೇಳಿದ್ದು ನೀವು. ಯಾರ ಕೈಯಲ್ಲಿ ಅಂತ ಹೇಳಿದ್ದೀರಾ?”

ಶ್ರವಣ್ ತಲೆಯೆತ್ತಿ ತಾಯಿಯನ್ನು ನೋಡಿದ. ನಾವೆಲ್ಲ ನೋಡಿದೆವು. ನೀಲಾವತಿಯಕ್ಕನಿಗೆ ಸೇಸಮ್ಮನ ಮೇಲೆ ಪ್ರೀತಿ ಹುಟ್ಟಿತು ಅಂತ ನಾನು ಹೇಳುವುದಿಲ್ಲ, ಹುಟ್ಟಲಿಲ್ಲ. ಹುಳಿ ತಿಂದವರ ಹಾಗೆ ಮುಖ ಮಾಡಿಕೊಂಡು, “ಹೇಳಲಿಲ್ಲ,” ಅಂದರು. “ನಾನು ಅಲ್ಲೇ ಇದ್ದೆ. ಕೈ ಯಾರದ್ದು ಅಂತ ಹೇಳಲಿಲ್ಲ.” ತಿರುಗಿ ಒಳಗೆ ಹೋದರು.

ಉಮ್ಮರ್ ಎತ್ತಿದ ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡಿದ್ದ. “ಧಣಿ, ಸಿಮೆಂಟು ಗಟ್ಟಿ ಆಗ್ತದೆ. ಎಂತ ಮಾಡುದು?” ಅಂತ ಕೇಳಿದ. ಶ್ರವಣ್ ಹೊಳೆಯ ಕಡೆ ತಿರುಗಿ ನಿಂತ. ಉಮ್ಮರ್ ಕಲ್ಲನ್ನು ಒಟ್ಟಿಟ್ಟದ್ದರ ಮೇಲೆ ವಾಪಸ್ ಇಟ್ಟ. ಆಮೇಲೆ ಕಂಡಿಯಲ್ಲಿ ಜೋಡಿಸಿದ್ದ ಮೊದಲ ಸಾಲನ್ನೂ ಒಂದೊಂದಾಗಿ ಎತ್ತಿದ. ಕಾದು ನಿಂತವರು ಕಂಡಿ ದಾಟಿ ಮೇಲೆ ಹೋದರು. ಅವ್ವಮ್ಮ ಮಾತ್ರ ದಮ್ಮು ಎಳೆಯುತ್ತಾ ನೇರ ಚಿತ್ರದ ಎದುರಿಗೆ ಬಂದು ನಿಂತು, “ನನಗೊಂದು ಕೆಂಪಿನದ್ದು ಕೊಡು ಸೇಸಮ್ಮ. ಹೂ ಸಾಕಾಗಲಿಲ್ಲ ಅಂತ ನಾನು ಮೊದಲೇ ಹೇಳಿದ್ದೆ,” ಅಂದಳು.

ನಾನು ಆಕಾಶವನ್ನು ನೋಡಿದೆ. ಹಸಿರು ಜಾರಿ ಮಾಡಿನ ಹಂಚಿನ ತನಕ ಬಂದಿತ್ತು. ಅಷ್ಟು ಒಳ್ಳೆಯ ಆಕಾಶ ನಾನು ಮತ್ತೆ ಬಿಡಿಸಲಾರೆ, ಆ ಕೈ ಇನ್ನು ನನಗೆ ಬರುವುದೂ ಇಲ್ಲ. ಅಭ್ಯಾಸಬಲದಿಂದ ಎಡಗೈ ಚಾಕುವಿಗೆ ಹೋಯಿತು, ಹಸಿ ಇರುವಾಗಲೇ ಕೆರೆದುಬಿಡುವ ಅಂತ. ಚಾಕುವನ್ನು ಚೀಲಕ್ಕೆ ಹಾಕಿದೆ. ಹಾಳಾಗಿ ಹೋಗಲಿ ಚಿತ್ರ.

ಹಲ್ಲಿನಲ್ಲಿ ಕಚ್ಚಿ ಹಸಿರಿನ ಇನ್ನೊಂದು ಟ್ಯೂಬಿನ ಮುಚ್ಚಳ ತೆಗೆದು ಸೇಸಮ್ಮನ ಮುಂದೆ ಹಿಡಿದೆ.

“ಸಾಕಾಗ್ತದಾ?” ಕೇಳಿದೆ.

ಸೇಸಮ್ಮ ಕೊಡೆಯಡಿಯಲ್ಲಿ ನಿಂತ ಶ್ರವಣನನ್ನೊಮ್ಮೆ ನೋಡಿದಳು, ಬ್ರಷ್ಷನ್ನು ತುಂಬ ಅದ್ದಿದಳು.

“ಅವರು ಅಲ್ಲಿ ನಿಂತಿರುವಷ್ಟು ಹೊತ್ತು ಹಾಕ್ತೇನೆ ಟೀಚರೇ,” ಅಂದಳು. “ಖಾಲಿ ಆದರೆ ಹೇಳ್ತೇನೆ.”